ಬೀಗಣ್ಣನ ‘ಬಾಗಿಲು’ ಬ್ಲಾಗು

ಬೀಗಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹೆತ್ತವರು ಯಾರಾದರೂ ಕೂಸಿಗೆ ಅಂಥ ಹೆಸರಿಡುತ್ತಾರೆಯೇ? ಅದನ್ನು ಇಟ್ಟವನು ಹೆಂಡತಿಯ ತಮ್ಮ, ಅದೂ ಐದನೆಯ ಅಂಗಡಿ ಮುಚ್ಚಿದ ದಿನ. “ಭಾವ, ನಿಮ್ಮ ಹತ್ರ ಈಗ ಐದು ಬೀಗ ಆಯ್ತು. ಹಾಕೋದಕ್ಕೆ ಒಂದು ಬಾಗಿಲೂ ಇಲ್ಲ” ಎಂದ. ಅಲ್ಲಿದ್ದವರೆಲ್ಲ ನಕ್ಕರು, ಹೆಸರು ಅಂಟಿಕೊಂಡಿತು. ಮಗಳಿಗೆ ಇನ್ನೂ ಗಂಡು ನೋಡುವ ಮಾತೇ ಎದ್ದಿರಲಿಲ್ಲ, ಅಷ್ಟರಲ್ಲಿ ಅವನು ಇಡೀ ಬೀದಿಗೆ ಬೀಗನಾಗಿಬಿಟ್ಟ.

ಅಂಗಡಿ ತೆಗೆಯುವುದರಲ್ಲಿ ಬೀಗಣ್ಣನ ಕಾಲಜ್ಞಾನ ಬಲು ದೊಡ್ಡದು. ಯಾವ ವ್ಯಾಪಾರವೇ ಆಗಲಿ, ಅದು ಕೊನೆಯುಸಿರು ಎಳೆಯುವ ಹೊತ್ತಿಗೆ ಸರಿಯಾಗಿ ಅವನು ಬೋರ್ಡು ಬರೆಸುತ್ತಿದ್ದ. ಜನರೆಲ್ಲ ಡಿಸ್ಕು ಹಾಕಿಕೊಂಡು ಸಿನಿಮಾ ನೋಡಲು ಶುರುಮಾಡಿದ ವರ್ಷ ವೀಡಿಯೊ ಕ್ಯಾಸೆಟ್ಟು ಬಾಡಿಗೆಗೆ ಕೊಡುವ ಅಂಗಡಿ ತೆಗೆದ. ಎಲ್ಲರ ಜೇಬಿಗೂ ಮೊಬೈಲು ಬಂದ ವರ್ಷ ಗಾಜಿನ ಬಾಗಿಲಿನ ಟೆಲಿಫೋನ್ ಬೂತು ತೆಗೆದ. ಅದರೊಳಗೆ ಜನ ಬರುತ್ತಿರಲಿಲ್ಲ ಎಂದೇನಲ್ಲ, ಬರುತ್ತಿದ್ದರು. ಹೊರಗೆ ಗಲಾಟೆ ಎಂದು ಒಳಗೆ ಬಂದು ತಮ್ಮ ತಮ್ಮ ಮೊಬೈಲಿನಲ್ಲಿ ಮಾತಾಡಿ ಹೋಗುತ್ತಿದ್ದರು. ಆಮೇಲೆ ಶುಭಾಶಯ ಪತ್ರಗಳ ಅಂಗಡಿ, ಅದಾದ ಮೇಲೆ ಕೈಗಡಿಯಾರದ ಪಟ್ಟಿಗಳದು. ಅವೆರಡರ ಬಗ್ಗೆ ಹೇಳುವಂಥದ್ದು ಏನೂ ನಡೆಯಲಿಲ್ಲ, ಅದೇ ಅವುಗಳ ತೊಂದರೆ. ಐದನೆಯದು ಬಣ್ಣದ ಮೀನಿನ ಅಂಗಡಿ. ಅಲ್ಲಿ ಗಿರಾಕಿಗಳು ನಿಜವಾಗಿಯೂ ಇದ್ದರು. ಆದರೆ ಬೀಗಣ್ಣ ಒಂದೊಂದು ಮೀನಿಗೂ ಒಂದೊಂದು ಹೆಸರಿಟ್ಟು, ಕೊಳ್ಳಲು ಬಂದವರನ್ನು ಹೆಣ್ಣು ಕೇಳಲು ಬಂದವರ ಹಾಗೆ ಪೂರ್ವಾಪರ ವಿಚಾರಿಸಿ, ಮನಸ್ಸಿಗೆ ಬಾರದವರನ್ನು ಬರಿಗೈಯಲ್ಲಿ ಕಳಿಸುತ್ತಿದ್ದ.

ಆದರೆ ಮುಚ್ಚುವುದು! ಅದರಲ್ಲಿ ಅವನನ್ನು ಮೀರಿಸುವವರು ಯಾರಿದ್ದಾರೆ? ಹೇಳದೆ ಕೇಳದೆ ರಾತ್ರೋರಾತ್ರಿ ಕಾಲು ಕೀಳುವ ಜಾತಿ ಅವನದಲ್ಲ. ಹದಿನೈದು ದಿನ ಮೊದಲೇ ದುಂಡಗಿನ ಅಕ್ಷರದಲ್ಲಿ ಕಾಗದ ಬರೆದು ಶಟರಿನ ಮೇಲೆ ಅಂಟಿಸುತ್ತಿದ್ದ. ಯಾರೋ ಮರೆತುಹೋದ ಛತ್ರಿಯನ್ನು ಮನೆ ಹುಡುಕಿಕೊಂಡು ಹೋಗಿ ಕೊಟ್ಟು ಬರುತ್ತಿದ್ದ. ಕೊನೆಯ ದಿನ ನೆಲ ಗುಡಿಸಿ, ಒರೆಸಿ, ಗೋಡೆಯ ಮೊಳೆಗಳನ್ನೆಲ್ಲ ಕಿತ್ತು ತೂತಿಗೆ ಸುಣ್ಣ ತುಂಬಿ, ಶಟರಿನ ಎರಡೂ ಕಂಬಿಗಳಿಗೆ ಎಣ್ಣೆ ಬಿಟ್ಟು, ತನ್ನ ಬೀಗ ಬಿಚ್ಚಿಕೊಂಡು, ಕಟ್ಟಡದ ಮಾಲೀಕನ ಬೀಗದ ಕೈಯನ್ನು ಅವನ ಅಂಗೈಯಲ್ಲಿ ಇಡುತ್ತಿದ್ದ. ಮೀನಿನ ಅಂಗಡಿಯ ಮಾಲೀಕನಂತೂ ಕಣ್ಣೀರು ಹಾಕಿದ. “ಬಾಡಿಗೆಗೆ ಬರುವಾಗ ಎಲ್ಲರೂ ಚೆನ್ನಾಗೇ ಬರ್ತಾರೆ. ಹೋಗೋದನ್ನ ನಿಮ್ಮಿಂದ ಕಲೀಬೇಕು” ಎಂದ. ಬೀಗಣ್ಣನ ಬಾಳಿನಲ್ಲಿ ಯಾರಾದರೂ ಅವನ ವ್ಯಾಪಾರವನ್ನು ಹೊಗಳಿದ್ದು ಅದೇ ಮೊದಲು.

ಆರನೆಯದರ ಸುದ್ದಿ ಎತ್ತಿದಾಗ ಹೆಂಡತಿ ಪಾತ್ರೆ ಕೆಳಗಿಟ್ಟು ಹೇಳಿದಳು: “ರೀ, ಇನ್ನೊಂದು ಅಂಗಡಿ ಅಂತ ಬಾಯಿ ತೆಗೆದ್ರೆ ನಾನು ನಿಮ್ಮ ಬಾಯಿಗೇ ಶಟರು ಹಾಕಿಸ್ತೀನಿ.” ಮನೆಯ ಬೇಳೆ ಬೇಯುತ್ತಿದ್ದದ್ದು ಅವಳ ಅಂಗಡಿಯಿಂದ. ಆದ್ದರಿಂದ ಆ ಮಾತಿಗೆ ತೂಕವಿತ್ತು. ಬೀಗಣ್ಣ ಬಾಯಿ ಮುಚ್ಚಿಕೊಂಡ. ಅದೂ ಅವನು ಚೆನ್ನಾಗಿಯೇ ಮಾಡಿದ.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಮಗಳಿಗೆ ಅಪ್ಪ ಸೋಫಾದ ಮೇಲೆ ಕೂತು ಫ್ಯಾನು ಎಣಿಸುವುದನ್ನು ನೋಡಲಾಗಲಿಲ್ಲ. ಮನೆಯಲ್ಲಿ ಇದ್ದದ್ದೇ ಒಂದು ಫ್ಯಾನು. ತನ್ನ ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, “ಅಪ್ಪ, ಇದರಲ್ಲಿ ಸಣ್ಣ ವ್ಯಾಪಾರ ಮಾಡೋರಿಗೆ ಅಂತಲೇ ಬ್ಲಾಗುಗಳಿವೆ. ಓದಿ, ಹೊತ್ತು ಹೋಗುತ್ತೆ” ಎಂದಳು. ಬೀಗಣ್ಣ ಪೆನ್ಸಿಲು ಹಿಡಿದುಕೊಂಡು ಓದಲು ಕೂತ. ಗೆಲುವಿನ ಹತ್ತು ಸೂತ್ರಗಳು, ಗಿರಾಕಿಯ ಮನಸ್ಸು ಗೆಲ್ಲುವ ಏಳು ಗುಟ್ಟುಗಳು, ಬೆಳಿಗ್ಗೆ ಐದಕ್ಕೆ ಎದ್ದವರು ಬೇಗ ದೊಡ್ಡವರಾಗುತ್ತಾರೆ ಎಂಬ ಉಪದೇಶಗಳು. ಎಲ್ಲ ಬ್ಲಾಗಿನ ನೆತ್ತಿಯ ಮೇಲೂ ಒಬ್ಬನ ಫೋಟೊ, ಕೈಕಟ್ಟಿ ನಿಂತು ನಗುತ್ತಿದ್ದಾನೆ.

“ಇವರೆಲ್ಲ ಯಾಕಮ್ಮ ಕೈಕಟ್ಟಿ ನಿಂತಿದ್ದಾರೆ?” ಎಂದು ಬೀಗಣ್ಣ ಮಗಳನ್ನು ಕೇಳಿದ. “ಅಂಗಡಿಯವನು ಕೈಕಟ್ಟಿ ನಿಂತ ಅಂದ್ರೆ ವ್ಯಾಪಾರ ಇಲ್ಲ ಅಂತ ಅರ್ಥ. ನಾನು ಇಪ್ಪತ್ತು ವರ್ಷ ನಿಂತಿದ್ದೀನಿ, ನನಗೆ ಗೊತ್ತಿಲ್ವಾ?”

ಒಂದು ವಾರ ಓದಿದ ಮೇಲೆ ಅವನಿಗೆ ಒಂದು ವಿಷಯ ಹೊಳೆಯಿತು. ಸಾವಿರ ಜನ ಅಂಗಡಿ ತೆಗೆಯುವುದು ಹೇಗೆಂದು ಬರೆದಿದ್ದರು. ಮುಚ್ಚುವುದು ಹೇಗೆಂದು ಒಬ್ಬ ಮಹಾನುಭಾವನೂ ಬರೆದಿರಲಿಲ್ಲ. ತೆಗೆದವರಲ್ಲಿ ಮುಕ್ಕಾಲು ಪಾಲು ಜನ ಮುಚ್ಚಲೇಬೇಕಲ್ಲ, ಆಗ ಆ ಬಡಪಾಯಿಗಳು ಯಾರ ಬಳಿ ಹೋಗಬೇಕು?

ಹೀಗೆ ‘ಬಾಗಿಲು’ ಹುಟ್ಟಿತು. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಚಿಕ್ಕ ಅಂಗಡಿಗಳನ್ನು ಮರ್ಯಾದೆಯಿಂದ ಮುಚ್ಚುವವರಿಗಾಗಿ’. ಬೀಗಣ್ಣ ಎರಡೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ವಾರಕ್ಕೊಂದು ಬರಹ ಹಾಕುತ್ತಿದ್ದ. ಖಾಯಂ ಗಿರಾಕಿಗೆ ಸುದ್ದಿ ಹೇಳುವುದು ಹೇಗೆ. ಬೋರ್ಡನ್ನು ಹಗಲಲ್ಲಿ ಇಳಿಸಬೇಕೋ ಸಂಜೆಯೋ. ‘ಯಾಕೆ ಮುಚ್ಚಿದಿರಿ’ ಎಂದು ಕೇಳುವವರಿಗೆ ಕೊಡಬಹುದಾದ ನಾಲ್ಕು ಉತ್ತರಗಳು, ಅದರಲ್ಲಿ ಒಂದು ಸುಳ್ಳು. ಎಲ್ಲಕ್ಕಿಂತ ಹೆಸರಾದದ್ದು ಅವನ ‘ಹನ್ನೊಂದು ಪ್ರಶ್ನೆ’. ನಿಮ್ಮ ಅಂಗಡಿಗೆ ಬರುವವರಲ್ಲಿ ದಾರಿ ಕೇಳಲು ಬರುವವರೇ ಹೆಚ್ಚೇ? ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಧೂಳು ಒರೆಸುತ್ತೀರಾ? ಪಕ್ಕದ ಅಂಗಡಿಯವರು ‘ವ್ಯಾಪಾರ ಹೇಗಿದೆ’ ಎಂದು ಕೇಳುವುದನ್ನು ನಿಲ್ಲಿಸಿದ್ದಾರೆಯೇ? ಹೀಗೆ. ಏಳಕ್ಕೆ ‘ಹೌದು’ ಬಂದರೆ ಮುಚ್ಚಿ, ಹೆಚ್ಚು ಯೋಚಿಸಬೇಡಿ ಎಂದು ಬೀಗಣ್ಣನ ತೀರ್ಪು.

ಜನ ಓದಿದರು. ಮೊದಲು ಹತ್ತು ಜನ, ಆಮೇಲೆ ನೂರು, ಆಮೇಲೆ ಎಲ್ಲೆಲ್ಲಿಂದಲೋ ದರ್ಜಿಗಳು, ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯವರು, ಫೋಟೊ ಸ್ಟುಡಿಯೊದವರು. ಅಂಗಡಿ ಮುಚ್ಚಿದ್ದಕ್ಕೆ ಹೆಂಡತಿ ಮಕ್ಕಳ ಮುಖ ನೋಡಲಾಗದೆ ಕೂತಿದ್ದ ಒಬ್ಬ ಬೇಕರಿಯವನು ‘ನಿಮ್ಮ ಬರಹ ಓದಿ, ಮೂರು ತಿಂಗಳಲ್ಲಿ ಮೊದಲ ಸಲ ಸ್ನೇಹಿತರ ಮನೆಗೆ ಹೋದೆ’ ಎಂದು ಬರೆದಾಗ ಬೀಗಣ್ಣ ಅದನ್ನು ಪೆನ್ಸಿಲಿನಲ್ಲಿ ಕಾಗದಕ್ಕೆ ಇಳಿಸಿ ಗೋಡೆಗೆ ಅಂಟಿಸಿದ. ಅವನ ಐದು ಅಂಗಡಿಗಳಿಗೂ ಸೇರಿ ಅಷ್ಟು ಜನ ಬಂದಿರಲಿಲ್ಲ.

ಬೀದಿಯಲ್ಲಿ ಮಾತ್ರ ಈ ಕೀರ್ತಿ ಬೇರೆ ರೂಪ ತಾಳಿತು. ಬೀಗಣ್ಣ ಬರುತ್ತಿದ್ದಾನೆ ಎಂದರೆ ಅಂಗಡಿಯವರು ಗಲ್ಲಾ ಬಿಟ್ಟು ಬಾಗಿಲಿಗೆ ಓಡಿ ಬಂದು ಹೊಸ್ತಿಲಲ್ಲೇ ಮಾತಾಡಿಸಿ ಸಾಗಹಾಕುತ್ತಿದ್ದರು. ಕನ್ನಡಕದ ಅಂಗಡಿಯವನಂತೂ ಕೈ ಅಡ್ಡ ಹಿಡಿದ.

“ಅಣ್ಣ, ದಯವಿಟ್ಟು ಒಳಗೆ ಕಾಲಿಡಬೇಡಿ. ಎದುರಿನ ಫುಟ್‌ಪಾತಿನ ಮೇಲೆ ನಿಲ್ಲಿ. ಕಣ್ಣು ಅಲ್ಲಿಂದಲೇ ಪರೀಕ್ಷೆ ಮಾಡ್ತೀನಿ.”

“ಅಷ್ಟು ದೂರದಿಂದ ನಿಮ್ಮ ಅಕ್ಷರ ಕಾಣಲ್ಲಪ್ಪ.”

“ಅದಕ್ಕೇ ಅಲ್ವಾ ಕನ್ನಡಕ ಕೊಡೋದು!”

ಹಾಗೆ ಬೀದಿಯಾಚೆ ನಿಂತು, ಸೈಕಲ್ಲುಗಳು ಅಡ್ಡ ಬಂದಾಗ ತಡೆದು ತಡೆದು ಅಕ್ಷರ ಓದಿ ತಂದ ಕನ್ನಡಕ ಅದು. ಅದರಲ್ಲಿ ದೂರದ್ದೆಲ್ಲ ಬಹಳ ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಅಷ್ಟಕ್ಕಷ್ಟೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಈಗ ಹೆಂಡತಿಯ ಅಂಗಡಿಗೆ ಬರೋಣ. ಅದು ಕನ್ನಡಕದವನ ಪಕ್ಕದ್ದೇ. ಅಗಲಕ್ಕೆ ಒಂದು ಮಂಚ ಹಿಡಿಸುವಷ್ಟು, ಉದ್ದಕ್ಕೆ ಮೂರು ಮಂಚ. ನೆಲದಿಂದ ಸೂರಿನವರೆಗೆ ಎರಡೂ ಗೋಡೆಗೆ ಪುಟ್ಟ ಪುಟ್ಟ ರಟ್ಟಿನ ಡಬ್ಬಿಗಳು, ಪ್ರತಿ ಡಬ್ಬಿಯ ಮುಖಕ್ಕೂ ಒಳಗಿರುವ ಗುಂಡಿಯ ಒಂದು ಮಾದರಿಯನ್ನು ದಾರದಲ್ಲಿ ಹೊಲಿದಿದೆ. ಅಂಗಿಯ ಗುಂಡಿ, ಕೋಟಿನ ಗುಂಡಿ, ಮರದ್ದು, ಚಿಪ್ಪಿನದು, ಮಕ್ಕಳ ಸ್ವೆಟರಿಗೆ ಹಾಕುವ ಬಾತುಕೋಳಿ ಆಕಾರದ್ದು. ಬೀದಿಯವರಿಗೆ ಅವಳು ಗುಂಡಿಯಕ್ಕ. ಯಾರಾದರೂ ಗುಂಡಿ ಬಿದ್ದ ಅಂಗಿ ತಂದರೆ, ಉಳಿದ ಗುಂಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಕಣ್ಣು ಮುಚ್ಚುತ್ತಾಳೆ. ಅಷ್ಟೆ. ಏಣಿ ಹತ್ತಿ ಸೀದಾ ಅದೇ ಡಬ್ಬಿಗೆ ಕೈ ಹಾಕುತ್ತಾಳೆ. “ನನ್ನ ಹೆಂಡ್ತಿ ಗುಂಡಿ ವ್ಯಾಪಾರ ಮಾಡ್ತಾಳೆ, ಬೀಳೋದು ಮಾತ್ರ ನಾನು” ಎಂದು ಬೀಗಣ್ಣ ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದ.

ಇಪ್ಪತ್ತೆರಡು ವರ್ಷದಲ್ಲಿ ಆ ಅಂಗಡಿಯಲ್ಲಿ ಅವನಿಗೆ ಒಂದೇ ಕಟ್ಟಳೆ: ಶಟರು ಮುಟ್ಟುವಂತಿಲ್ಲ. ಮುಟ್ಟಿದ್ದೆಲ್ಲ ಮುಚ್ಚಿಹೋಗುವ ಕೈ ಅದು ಎಂದು ಅವಳಿಗೆ ಮೊದಲನೆಯ ಅಂಗಡಿಗೇ ಗೊತ್ತಾಗಿತ್ತು. “ನಿಮ್ಮ ಕೈ ನಾನು ಹಿಡಿದಾಯ್ತು, ಅದಕ್ಕೇನೂ ಮಾಡೋ ಹಾಗಿಲ್ಲ. ಶಟರು ನೀವು ಹಿಡೀಬೇಡಿ” ಎಂದಿದ್ದಳು.

ಅವಳ ಬಾಯಲ್ಲಿ ‘ಮುಚ್ಚುವುದು’ ಎಂಬ ಮಾತೂ ಬರುತ್ತಿರಲಿಲ್ಲ. ಮಗಳು ಎಳೆಗೂಸಾಗಿದ್ದಾಗ ಅವಳನ್ನು ಗಲ್ಲಾದ ಹಿಂದೆ, ಗುಂಡಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಮಲಗಿಸುತ್ತಿದ್ದಳು. ಕೂಸು ಏಳಬಾರದೆಂದು ಸಂಜೆ ಶಟರನ್ನು ಅಂಗುಲ ಅಂಗುಲವಾಗಿ, ಸದ್ದಾಗದಂತೆ ಇಳಿಸಿ ಅಭ್ಯಾಸ. ಮಗಳು ದೊಡ್ಡವಳಾದಳು, ಮಾತು ಹಾಗೇ ಉಳಿಯಿತು. ಸಂಜೆ ಮನೆಗೆ ಬಂದು ಚೀಲ ಇಡುತ್ತ “ಅಂಗಡಿ ಮಲಗಿಸಿ ಬಂದೆ” ಎನ್ನುತ್ತಿದ್ದಳು. ಬೆಳಿಗ್ಗೆ ಹೊರಡುವಾಗ “ಎಬ್ಬಿಸೋ ಹೊತ್ತಾಯ್ತು”. ದಿನಾ ಕೇಳಿ ಕೇಳಿ ಬೀಗಣ್ಣನ ಕಿವಿಗೆ ಅದು ಮನೆಯ ಫ್ಯಾನಿನ ಸದ್ದಿನ ಹಾಗೆ ಆಗಿಹೋಗಿತ್ತು. ಇದ್ದರೂ ಕೇಳುತ್ತಿರಲಿಲ್ಲ.

‘ಬಾಗಿಲು’ ಬ್ಲಾಗಿನ ಕೊನೆಯಲ್ಲಿ ಓದುಗರು ಪ್ರಶ್ನೆ ಬರೆಯಲು ಒಂದು ಚೌಕ ಇತ್ತು. ಹೆಸರು ಬೇಕಿಲ್ಲ, ಊರು ಬೇಕಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಅಲ್ಲಿ ಒಂದು ಪತ್ರ ಬಂದು ಕೂತಿತ್ತು:

‘ನಮಸ್ಕಾರ. ನಂದು ಸಣ್ಣ ಸಾಮಾನಿನ ಅಂಗಡಿ. ಬಹಳ ವರ್ಷದಿಂದ ಇದೆ. ನಿಮ್ಮ ಹನ್ನೊಂದು ಪ್ರಶ್ನೆಗೆ ಉತ್ತರ ಬರೆದು ನೋಡಿದೆ. ಎಂಟು ಹೌದು ಬಂತು. ಜನ ಈಗ ಇರೋದನ್ನ ಸರಿ ಮಾಡ್ಕೊಳಲ್ಲ, ಬಿಸಾಕಿ ಹೊಸದು ತರ್ತಾರೆ. ನನಗೂ ಮಂಡಿ ನೋವು, ಹತ್ತೋದು ಇಳಿಯೋದು ಕಷ್ಟ. ನಮ್ಮ ಮನೆಯವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಆದ್ರೆ ಕೇಳಿದ್ರೆ ಖುಷಿಯಾಗಿಬಿಡ್ತಾರೆ ಅಂತ ಭಯ. ಬೆಳಿಗ್ಗೆ ಎಬ್ಬಿಸೋವಾಗ ಮಾತ್ರ ಮಂಡಿ ನೋಯಲ್ಲ, ಯಾಕೋ ಗೊತ್ತಿಲ್ಲ. ಪೂರ್ತಿ ಮಲಗಿಸಿಬಿಡಲಾ? ನೀವು ಹೇಳಿದ ಹಾಗೆ ಮಾಡ್ತೀನಿ.’

ನಿಮಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ಬೀಗಣ್ಣನಿಗೆ ಗೊತ್ತಾಗಲಿಲ್ಲ. ಹತ್ತಿರದ್ದು ಅಷ್ಟಕ್ಕಷ್ಟೆ ಎಂದೆನಲ್ಲ.

ಅವನಿಗೊಂದು ಚಟ: ಓದುಗರ ಪತ್ರಗಳನ್ನು ತಿದ್ದದೆ ಹಾಕುತ್ತಿರಲಿಲ್ಲ. ಬ್ಲಾಗಿಗೆ ಒಂದು ಘನತೆ ಬೇಡವೇ? ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಕೂತ. ‘ನಂದು’ ಹೋಗಿ ‘ನನ್ನದು’ ಆಯಿತು. ‘ಬೆಳಿಗ್ಗೆ ಎಬ್ಬಿಸೋವಾಗ’ ಎಂಬಲ್ಲಿ ನಿಂತ. ಯಾರನ್ನು ಎಬ್ಬಿಸುವಾಗ? ಗಂಡನನ್ನೇ ಇರಬೇಕು, ಸೋಮಾರಿ ನನ್ನ ಮಗ. ಆದರೆ ಅದು ಇಲ್ಲಿಗೆ ಸಂಬಂಧಪಟ್ಟದ್ದಲ್ಲ ಎಂದು ಆ ಸಾಲನ್ನೇ ತೆಗೆದುಹಾಕಿದ. ‘ಪೂರ್ತಿ ಮಲಗಿಸಿಬಿಡಲಾ’ ಎಂಬುದನ್ನು ನೋಡಿ ಅವನಿಗೆ ನಗು ಬಂತು. ಫೋನಿನಲ್ಲಿ ಬರೆಯುವವರ ಹಣೆಬರಹವೇ ಇಷ್ಟು, ಒಂದು ಒತ್ತಿದರೆ ಇನ್ನೊಂದು ಬರುತ್ತದೆ. ‘ಮುಚ್ಚಿಬಿಡಲೇ?’ ಎಂದು ಸರಿಪಡಿಸಿದ.

ಕೆಳಗೆ ಉತ್ತರ ಬರೆದ: ‘ತಾಯೀ, ಮುಚ್ಚಿ. ಎಂಟು ಹೌದು ಬಂದ ಮೇಲೆ ಯೋಚಿಸಲು ಏನೂ ಉಳಿದಿಲ್ಲ. ಹದಿನೈದು ದಿನದ ಕಾಗದ ನಾಳೆಯೇ ಅಂಟಿಸಿ, ಮಾದರಿ ನನ್ನ ಮೂರನೆಯ ಬರಹದಲ್ಲಿದೆ. ಇನ್ನು ನಿಮ್ಮ ಯಜಮಾನರ ವಿಷಯ. ಹೆಂಡತಿಯ ಕಷ್ಟ ಕೇಳಿ ಖುಷಿಪಡುವ ಮನುಷ್ಯನನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಂಥ ಕೆಲಸಕ್ಕೆ ಬಾರದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.’

ಮಧ್ಯಾಹ್ನ ಹೆಂಡತಿ ಊಟಕ್ಕೆ ಬಂದಾಗ ಅದನ್ನು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದ. ಕೊನೆಯ ಸಾಲನ್ನು ಎರಡು ಸಲ ಓದಿದ.

“ಹೇಗಿದೆ?”

ಅವಳು ಅವನ ತಟ್ಟೆಗೆ ಅನ್ನ ಹಾಕುತ್ತ, “ಮುಚ್ಚಿ ಅಂತಲೇ ಬರೆದಿದ್ದೀರಾ?” ಎಂದಳು.

“ಮತ್ತೇನು ಬರೀಲಿ? ಎಂಟು ಹೌದು ಬಂದಿದೆ.”

“ಸರಿ. ಗಂಡನ ವಿಷಯ ಚೆನ್ನಾಗಿ ಬರೆದಿದ್ದೀರಿ” ಎಂದಳು. ತಾನು ಎಂದಿಗಿಂತ ಕಡಿಮೆ ಉಂಡು ಎದ್ದಳು. ಅದನ್ನು ಬೀಗಣ್ಣ ನೋಡಲಿಲ್ಲ, ಆಗಲೇ ಕಾಮೆಂಟು ಓದುತ್ತಿದ್ದ. ಎಲ್ಲೆಲ್ಲಿನ ಅಂಗಡಿಯವರೂ ಆ ಗಂಡನ ಮೇಲೆ ಮುರಿದುಕೊಂಡು ಬಿದ್ದಿದ್ದರು. ‘ಅಕ್ಕ, ಅಂಗಡಿ ಇರಲಿ, ಮೊದಲು ಗಂಡನನ್ನ ಮುಚ್ಚಿ’ ಎಂದು ಒಬ್ಬ ಲಾಂಡ್ರಿಯವನು ಬರೆದದ್ದನ್ನು ಬಹಳ ಜನ ಮೆಚ್ಚಿದ್ದರು. ಬೀಗಣ್ಣನೂ ಮೆಚ್ಚಿದ.

ಮಾರನೆಯ ದಿನ ಸಂಜೆ ಅವನು ಊಟದ ಮೇಜಿನ ಮುಂದೆ ಕೂತು ಹೊಸ ಬರಹವೊಂದನ್ನು ಕುಟ್ಟುತ್ತಿದ್ದ. ಹೆಂಡತಿ ಬಂದಳು, ಚಪ್ಪಲಿ ಬಿಟ್ಟಳು, ಚೀಲ ಇಟ್ಟಳು.

“ಅಂಗಡಿ ಮುಚ್ಚಿ ಬಂದೆ” ಎಂದು ಒಳಗೆ ಹೋದಳು.

ಬೀಗಣ್ಣ ಇನ್ನೂ ಎರಡು ಅಕ್ಷರ ಕುಟ್ಟಿದ. ಆಮೇಲೆ ಬೆರಳು ನಿಂತಿತು. ಏನೋ ತಪ್ಪಾಗಿತ್ತು. ತಿರುಗುತ್ತಿದ್ದ ಫ್ಯಾನು ನಿಂತಾಗ ಮಲಗಿದವನಿಗೆ ಥಟ್ಟನೆ ಎಚ್ಚರವಾಗುತ್ತದಲ್ಲ, ಹಾಗೆ ಅವನಿಗೆ ಎಚ್ಚರವಾಯಿತು. ಮುಚ್ಚಿ ಬಂದೆ. ಈ ಮನೆಯಲ್ಲಿ ಮುಚ್ಚುವವನು ತಾನು. ಅವಳು ಯಾವತ್ತು ಮುಚ್ಚಿದ್ದಳು? ಅವಳು...

ಮೂಲ ಪತ್ರವನ್ನು ತೆಗೆದ. ಕನ್ನಡಕ ತೆಗೆದಿಟ್ಟು, ಪರದೆಗೆ ಮೂಗು ಹಚ್ಚಿ ಓದಿದ. ಪೂರ್ತಿ ಮಲಗಿಸಿಬಿಡಲಾ. ಬೆಳಿಗ್ಗೆ ಎಬ್ಬಿಸೋವಾಗ ಮಾತ್ರ ಮಂಡಿ ನೋಯಲ್ಲ. ಆ ಸಾಲನ್ನು ಅವನೇ, ತನ್ನ ಕೈಯಾರೆ, ಸಂಬಂಧಪಟ್ಟದ್ದಲ್ಲ ಎಂದು ತೆಗೆದುಹಾಕಿದ್ದ.

ಚಪ್ಪಲಿ ಸಿಕ್ಕಿಸಿಕೊಂಡು ಬೀದಿಗೆ ಓಡಿದ. ಇನ್ನೂ ಬೆಳಕಿತ್ತು. ಶಟರಿನ ಮೇಲೆ ಕಾಗದ ಅಂಟಿತ್ತು, ನಾಲ್ಕು ಮೂಲೆಗೂ ಅಂಟು, ಮೂರನೆಯ ಬರಹದಲ್ಲಿ ಹೇಳಿದ ಹಾಗೆಯೇ ಎದೆಯ ಎತ್ತರಕ್ಕೆ. ಅಕ್ಷರ ಅವಳದು, ಮಾತು ಅವನದು: ‘ಇನ್ನು ಹದಿನೈದು ದಿನಕ್ಕೆ ಈ ಅಂಗಡಿ ಮುಚ್ಚುತ್ತದೆ. ಇಷ್ಟು ಕಾಲ ಬಂದದ್ದಕ್ಕೆ ನಾವು ಋಣಿ. ನಿಮ್ಮದೇನಾದರೂ ಇಲ್ಲಿ ಉಳಿದಿದ್ದರೆ ತೆಗೆದುಕೊಂಡು ಹೋಗಿ.’ ಆ ಕೊನೆಯ ಸಾಲಿನ ಬಗ್ಗೆ ಅವನಿಗೆ ಎಷ್ಟು ಹೆಮ್ಮೆಯಿತ್ತು! ಈಗ ಅದನ್ನೇ ಓದುತ್ತ ನಿಂತ. ಅವನದು ಇಲ್ಲಿ ಏನು ಉಳಿದಿರಲಿಲ್ಲ? ಐದು ಅಂಗಡಿ ಮುಚ್ಚಿಯೂ ಅವನು ತಲೆಯೆತ್ತಿ ಓಡಾಡಿದ್ದು, ಮಗಳು ಓದಿದ್ದು, ಮೀನುಗಳಿಗೆ ಹೆಸರಿಡುವಷ್ಟು ಪುರುಸೊತ್ತು ಅವನಿಗೆ ಇದ್ದದ್ದು, ಎಲ್ಲ ಈ ಶಟರಿನ ಹಿಂದಿನಿಂದ ಬಂದದ್ದು. ಅವನಿಗೆ ಅಳು ಬಂತು. ಬೀದಿಯಲ್ಲಿ ಅಳುವುದು ಹೇಗೆಂದು ಅವನು ಯಾವ ಬರಹದಲ್ಲೂ ಬರೆದಿರಲಿಲ್ಲ, ಹಾಗಾಗಿ ಮೂಗೊರೆಸಿಕೊಂಡು ಸುಮ್ಮನೆ ನಿಂತ.

ಕನ್ನಡಕದವನು ಇಣುಕಿದ. “ಅಣ್ಣ, ಗುಂಡಿಯಕ್ಕನದನ್ನೂ ಬಿಡಲಿಲ್ವಾ ನೀವು? ಸ್ವಂತ ಹೆಂಡ್ತೀದು!”

ಮರುದಿನ ಬೆಳಿಗ್ಗೆ ಬೀಗಣ್ಣ ಅವಳಿಗಿಂತ ಮೊದಲೇ ಹೋಗಿ ಎದುರಿನ ಫುಟ್‌ಪಾತಿನಲ್ಲಿ ನಿಂತ. ಅವಳು ಅಂಗಡಿ ತೆರೆಯುವುದನ್ನು ಅವನು ಇದುವರೆಗೆ ನೋಡಿರಲೇ ಇಲ್ಲ. ಆ ಹೊತ್ತಿನಲ್ಲಿ ಅವನು ಯಾವಾಗಲೂ ತನ್ನದೊಂದನ್ನು ತೆರೆಯುತ್ತಿದ್ದ, ಇಲ್ಲವೇ ಮಲಗಿರುತ್ತಿದ್ದ. ಅವಳು ಕುಂಟುತ್ತ ಬಂದಳು. ಬೀಗ ತೆಗೆದು, ಸೆರಗು ಸಿಕ್ಕಿಸಿ, ಬಗ್ಗಿ, ಎರಡೂ ಕೈಯಿಂದ ಶಟರನ್ನು ಒಂದೇ ಏಟಿಗೆ ಮೇಲಕ್ಕೆತ್ತಿದಳು. ಡಬ್ಬಿಗಳ ಮೇಲೆಲ್ಲ ಬಿಸಿಲು ಬಿದ್ದು ಗುಂಡಿಗಳು ಕಣ್ಣು ಬಿಟ್ಟವು. ಅವಳ ಮುಖ ನೋಡಿದ. ತಾನು ಐದು ಅಂಗಡಿ ತೆರೆಯುವಾಗಲೂ ಹೊಟ್ಟೆಯಲ್ಲಿ ಕಲ್ಲಿಟ್ಟುಕೊಂಡೇ ತೆರೆದಿದ್ದ, ಸಮಾಧಾನವಾಗುತ್ತಿದ್ದದ್ದು ಮುಚ್ಚುವಾಗಲೇ. ಇವಳ ಮುಖ ಹಾಗಿರಲಿಲ್ಲ.

ರಸ್ತೆ ದಾಟಿ ಬಂದು ಹೊಸ್ತಿಲಲ್ಲಿ ನಿಂತ. “ಆ ಹೆಂಗಸಿಗೆ ನಾನು ತಪ್ಪು ಹೇಳಿದೆ” ಎಂದ.

“ಯಾವ ಹೆಂಗಸಿಗೆ?” ಎಂದಳು ಅವಳು, ಡಬ್ಬಿ ಒರೆಸುತ್ತ.

“ಮಂಡಿ ನೋವಿನವಳಿಗೆ.”

“ತಪ್ಪೇನು ಬಂತು? ಎಂಟು ಹೌದು ಬಂದಿತ್ತಲ್ಲ.”

“ಪ್ರಶ್ನೆಗಳೇ ತಪ್ಪು. ಅವೆಲ್ಲ ನನ್ನ ಅಂಗಡಿಗಳನ್ನ ನೋಡ್ಕೊಂಡು ಮಾಡಿದ್ದು. ಹನ್ನೆರಡನೇದು ಒಂದು ಕೇಳಬೇಕಾಗಿತ್ತು, ಬೆಳಿಗ್ಗೆ ಎಬ್ಬಿಸುವಾಗ ಹೇಗಿರುತ್ತೆ ಅಂತ. ಅವಳು ಕೇಳದೇನೇ ಬರೆದಿದ್ಲು. ನಾನು ಹೊಡೆದುಹಾಕಿದೆ.”

ಅವಳ ಕೈ ನಿಂತಿತು. “ಮತ್ತೆ ಅವಳ ಗಂಡ ಕೆಲಸಕ್ಕೆ ಬಾರದವನು ಅಂತ ಬರೆದಿರಲ್ಲ. ಅದೂ ತಪ್ಪಾ?”

“ಅದು ಸರಿ” ಎಂದ ಬೀಗಣ್ಣ.

ಅವಳಿಗೆ ನಗು ಬಂದೇಬಿಟ್ಟಿತು, ಆದರೆ ಬಿಟ್ಟುಕೊಡಲಿಲ್ಲ. “ಕಾಗದ ಅಂಟಿಸಿ ಆಯ್ತು. ಹದಿನೈದು ದಿನ ಇರಲಿ. ಆಮೇಲೆ ನೋಡೋಣ. ಜನ ಬರ್ತಿಲ್ಲ ಅನ್ನೋದಂತೂ ಸುಳ್ಳಲ್ಲ. ಬಂದಿದ್ದೀರಿ, ಏಣಿ ಹತ್ತಿ. ಮೇಲಿನ ಸಾಲಿನ ಧೂಳು ಮೂರು ತಿಂಗಳಿಂದ ಹಾಗೇ ಇದೆ. ಶಟರು ಮಾತ್ರ ಮುಟ್ಟಬೇಡಿ.”

ಬೀಗಣ್ಣ ಏಣಿ ಹತ್ತಿದ. ಇಳಿದು ಮನೆಗೆ ಹೋಗಿ ‘ಬಾಗಿಲು’ ಬ್ಲಾಗಿನಲ್ಲಿ ತಿದ್ದುಪಡಿ ಎಂದು ತಲೆಬರಹ ಹಾಕಿ ಪತ್ರವನ್ನು ಅವಳು ಬರೆದ ಹಾಗೆಯೇ ಪ್ರಕಟಿಸಿದ. ಆ ಹೆಂಗಸು ತನ್ನ ಹೆಂಡತಿ, ಆ ಗಂಡ ತಾನು, ಅಂಗಡಿ ಗುಂಡಿಯದು ಎಂದು ಒಂದನ್ನೂ ಮುಚ್ಚಿಡದೆ ಬರೆದ. ಅವಳು ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಗುಂಡಿ ಹುಡುಕುವುದನ್ನೂ ಬರೆದ. ಕಾಮೆಂಟು ಬರೆದವರು ಅವನನ್ನು ಎತ್ತಿ ನೆಲಕ್ಕೆ ಹಾಕಿದರು. ಅವನು ಒಂದನ್ನೂ ಅಳಿಸಲಿಲ್ಲ, ಕಾಗುಣಿತ ಕೂಡ ತಿದ್ದಲಿಲ್ಲ.

ಗಂಡನನ್ನ ಮುಚ್ಚಿ ಎಂದಿದ್ದ ಆ ಲಾಂಡ್ರಿಯವನೇ ಮೊದಲು ಕೆಲಸದ ಮಾತು ಬರೆದ. ಅವನ ಯಂತ್ರ ಗಿರಾಕಿಗಳ ಅಂಗಿಯ ಗುಂಡಿ ಒಡೆಯುತ್ತಿತ್ತು, ದಿನಾ ಜಗಳ. ಒಡೆದ ಗುಂಡಿ ಅಂಚೆಯಲ್ಲಿ ಕಳಿಸಿದರೆ ಅಕ್ಕ ಜೋಡಿ ಹುಡುಕಿ ಕೊಡ್ತಾರಾ? ನಾಲ್ಕನೆಯ ದಿನ ಅವನ ಲಕೋಟೆ ಬಂತು. ಆರನೆಯ ದಿನ ಇನ್ನೊಬ್ಬ ಲಾಂಡ್ರಿಯವನದು, ಬೇರೆ ಊರಿನದು. ಒಬ್ಬ ದರ್ಜಿ ತನ್ನ ಅಂಗಡಿ ಮುಚ್ಚಿದಾಗ ಉಳಿದ ಗುಂಡಿಗಳನ್ನೆಲ್ಲ, ಬಿಸಾಕಲು ಮನಸ್ಸು ಬರಲಿಲ್ಲ ಎಂದು ಒಂದು ಡಬ್ಬದಲ್ಲಿ ತುಂಬಿ ಕಳಿಸಿದ. ಇದೇನು ಜಾತ್ರೆ ನೆರೆಯಿತು ಎಂದಲ್ಲ. ದಿನಕ್ಕೆ ಮೂರು, ಕೆಲವು ದಿನ ಏಳು ಲಕೋಟೆ. ಆದರೆ ಅವಳು ಹೆಬ್ಬೆರಳಿನಿಂದ ಸವರಿ, “ಎಡಗಡೆ,  ಮೇಲಿಂದ ನಾಲ್ಕನೇ ಸಾಲು” ಎಂದು ಕೆಳಗಿನಿಂದ ಕೂಗುವಾಗ ಏಣಿಯ ಮೇಲಿದ್ದ ಬೀಗಣ್ಣ ತಪ್ಪು ಡಬ್ಬಿ ಎಳೆದು ಬೈಸಿಕೊಳ್ಳುವುದಕ್ಕೆ ಹೊತ್ತು ಸಾಲುತ್ತಿರಲಿಲ್ಲ.

ಕಾಗದ ಮಾತ್ರ ಶಟರಿನ ಮೇಲೆಯೇ ಇತ್ತು. ಅವಳು ಅದರ ಸುದ್ದಿ ಎತ್ತಲಿಲ್ಲ, ಅವನಿಗೆ ಕೇಳುವ ಧೈರ್ಯವಿರಲಿಲ್ಲ. ಪ್ರತಿ ಸಂಜೆ ಮನೆಗೆ ಬಂದು ಅವಳು ಚೀಲ ಇಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು. ಮುಚ್ಚಿದೆ ಎನ್ನುತ್ತಿರಲಿಲ್ಲ, ಮಲಗಿಸಿದೆ ಎಂದೂ ಅನ್ನುತ್ತಿರಲಿಲ್ಲ. ಊರಿಗೆಲ್ಲ ಅಂಗಡಿ ಮುಚ್ಚುವ ಧೈರ್ಯ ಹೇಳಿದವನಿಗೆ ಹದಿನಾಲ್ಕನೆಯ ದಿನ ಅನ್ನ ಸೇರಲಿಲ್ಲ.

ಹದಿನೈದನೆಯ ದಿನ ಸಂಜೆ ಅವಳು ಗಲ್ಲಾ ಒರೆಸಿದಳು, ನೆಲ ಗುಡಿಸಿದಳು. ಕೊನೆಯ ದಿನ ಮಾಡಬೇಕೆಂದು ಬೀಗಣ್ಣ ಬರೆದಿದ್ದ ಕ್ರಮದಲ್ಲೇ. ಅವನು ಏಣಿಯನ್ನು ಗೋಡೆಗೆ ಒರಗಿಸಿ ನಿಂತ. ಅವಳು ದೀಪ ಆರಿಸಿ ಹೊರಗೆ ಬಂದಳು. ಮೂಲೆಯಲ್ಲಿದ್ದ ಉದ್ದನೆಯ ಕಬ್ಬಿಣದ ಕೊಕ್ಕೆಯನ್ನು ತೆಗೆದು ಅವನ ಕೈಗೆ ಕೊಟ್ಟಳು.

“ಇವತ್ತು ನೀವೇ ಎಳೀರಿ.”

ಬೀಗಣ್ಣ ಒಂದು ಹೆಜ್ಜೆ ಹಿಂದೆ ಸರಿದ. “ನಾನಾ? ನನ್ನ ಕೈ...”

“ಎಳೀರಿ ಅಂದೆ. ನನ್ನ ಮಂಡಿ ಕೇಳಲ್ಲ. ದಬಾರ್ ಅಂತ ಬಿಡಬೇಡಿ, ಸ್ವಲ್ಪ ಸ್ವಲ್ಪವೇ.”

ಐದು ಶಟರುಗಳನ್ನು ಒಂದೇ ಏಟಿಗೆ ಎಳೆದ ಕೈ ಅದು. ಈಗ ಕೊಕ್ಕೆ ಸಿಕ್ಕಿಸಿ ಅಂಗುಲ ಅಂಗುಲವಾಗಿ ಎಳೆದ. ತಗಡಿನ ಮಡಿಕೆಗಳು ಒಂದೊಂದಾಗಿ ಇಳಿದವು. ಅಂಟಿಸಿದ ಕಾಗದ ಅವನ ಕಣ್ಣಿನ ಎತ್ತರಕ್ಕೆ ಬಂದಾಗ ಹೆಂಡತಿ ಕೈ ಚಾಚಿ, ಉಗುರಿನಿಂದ ಮೂಲೆ ಎಬ್ಬಿಸಿ, ಅದನ್ನು ನಿಧಾನವಾಗಿ ಕಿತ್ತು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಶಟರು ನೆಲ ಮುಟ್ಟಿತು, ಸದ್ದೇ ಆಗಲಿಲ್ಲ.

ಆಗ ಪಕ್ಕದ ಅಂಗಡಿಯಿಂದ ಕನ್ನಡಕದವನು ಹೊರಗೆ ಬಂದ. ಕೊಕ್ಕೆ ಹಿಡಿದು ನಿಂತ ಬೀಗಣ್ಣನನ್ನು ನೋಡಿ ತಲೆಯ ಮೇಲೆ ಕೈ ಹೊತ್ತ.

“ಅಯ್ಯಯ್ಯೋ! ಗುಂಡಿಯಕ್ಕ, ಇವರ ಕೈಯಲ್ಲಿ ಕೊಟ್ರಾ? ಮುಚ್ಚೇಬಿಟ್ರಾ ಹಾಗಾದ್ರೆ?”

“ಮುಚ್ಚಿಲ್ಲಪ್ಪ” ಎಂದಳು ಗುಂಡಿಯಕ್ಕ, ತುಟಿಯ ಮೇಲೆ ಬೆರಳಿಟ್ಟು. “ಈಗ ತಾನೇ ಮಲಗಿದೆ. ಮೆಲ್ಲಗೆ ಮಾತಾಡು.”